ಭಜನೆಗೂ ಹೋಗಿ, ಮಾತ್ರೆಯನ್ನೂ ನುಂಗಿ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: “ಕಳೆದ ವರ್ಷ ಅಪಘಾತದಲ್ಲಿ ಮಗ ತೀರಿಕೊಂಡ. ದೇವರ ಮೇಲಿನ ಸಿಟ್ಟಿಗೆ ಬಹಳ ದಿನ ದೀಪ ಹಚ್ಚಲೂ ಕೈ ಬರಲಿಲ್ಲ. ಈಗ ಶನಿವಾರದ ಭಜನೆಯಲ್ಲಿ ಕುಳಿತರೆ ಎದೆ ಹಗುರಾಗುತ್ತದೆ, ಹಾಡಲು ಮಾತ್ರ ಗಂಟಲು ಕಟ್ಟುತ್ತದೆ. ವೈದ್ಯರು ಮಾತ್ರೆ ಕೊಟ್ಟಿದ್ದಾರೆ. ನಂಬಿಕೆ ಗಟ್ಟಿಯಿದ್ದರೆ ಮಾತ್ರೆ ಏಕೆ ಎಂದು ಭಜನೆಯ ಹಿರಿಯರೊಬ್ಬರು ಕೇಳಿದರು. ನಿಲ್ಲಿಸಲೇ?”

ಸಂಪಾದಕರ ಉತ್ತರ: ನಿಲ್ಲಿಸಬೇಡಿ, ತಾಯಿ. ಮನಸ್ಸಿನ ಕಾಯಿಲೆಯ ಔಷಧಗಳನ್ನು ಏಕಾಏಕಿ ಬಿಟ್ಟರೆ ನಿದ್ದೆ ಕೆಡುವುದು, ತಲೆ ಸುತ್ತುವುದು, ಹಳೆಯ ಸಂಕಟ ಮರುಕಳಿಸುವುದು ಉಂಟು. ಯಾವಾಗ, ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳಲಿ. ಆ ಹಿರಿಯರು ತಮ್ಮ ರಕ್ತದೊತ್ತಡಕ್ಕೂ ಇದೇ ನಿಯಮ ಪಾಲಿಸುತ್ತಾರೆಯೇ ಎಂದು ಕೇಳುವ ಚಪಲ ನನಗಿದೆ. ನೀವು ಕೇಳುವುದು ಬೇಡ.

ಇನ್ನು ಸಿಟ್ಟು. ಅದನ್ನು ನೀವು ಪಾಪವೆಂಬಂತೆ ಬರೆದಿದ್ದೀರಿ. ನಮ್ಮ ದಾಸರು ವಿಠಲನನ್ನು ಹೊಗಳಿದಷ್ಟೇ ಸಲೀಸಾಗಿ ಬೈದಿದ್ದಾರೆ. ಅದಕ್ಕೆ ನಿಂದಾಸ್ತುತಿ ಎಂಬ ಹೆಸರಿದೆ, ತಾಳ ಹಾಕಿ ಹಾಡುತ್ತೇವೆ ಕೂಡ. ಬೈಬಲ್ಲಿನ ಯೋಬನು ಮಕ್ಕಳನ್ನೆಲ್ಲ ಕಳೆದುಕೊಂಡು ದೇವರೊಡನೆ ವಾದಕ್ಕೇ ನಿಂತ. ಕೊನೆಗೆ ದೇವರ ಕೋಪ ಉರಿದದ್ದು ಅವನ ಮೇಲಲ್ಲ, ಅವನಿಗೆ ಉಪದೇಶ ಮಾಡಲು ಬಂದ ಗೆಳೆಯರ ಮೇಲೆ. ಜಗಳವಾಡಲು ಎದುರಿಗೆ ಒಬ್ಬರು ಇರಲೇಬೇಕಲ್ಲ. ದೀಪ ಹಚ್ಚದ ಆ ದಿನಗಳಲ್ಲೂ ನೀವು ದೇವರನ್ನು ಬಿಟ್ಟಿರಲಿಲ್ಲ ಎಂದೇ ನನಗೆ ಕಾಣುತ್ತದೆ.

ಭಜನೆಯಲ್ಲಿ ಎದೆ ಹಗುರಾಗುವುದು ಬರೀ ಭ್ರಮೆಯಲ್ಲ. ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ದೇವಸ್ಥಾನಕ್ಕೆ ತೀವ್ರ ಮನೋರೋಗದವರು ಬಂದು ಉಳಿಯುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅಲ್ಲಿ ಅಧ್ಯಯನ ನಡೆಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಸರಾಸರಿ ಆರು ವಾರ ಉಳಿದ 31 ಮಂದಿಯ ಕಾಯಿಲೆಯ ತೀವ್ರತೆ ಸುಮಾರು ಶೇಕಡಾ 20ರಷ್ಟು ತಗ್ಗಿತ್ತು. ವಿಶೇಷ ಮಂತ್ರ, ತಾಯಿತ ಏನೂ ಇರಲಿಲ್ಲ. ಬೆಳಗಿನ ಪೂಜೆ, ಅಂಗಳ ಗುಡಿಸುವಂಥ ಸಣ್ಣ ಕೆಲಸ, ಜೊತೆಯಲ್ಲಿ ಮನೆಯವರೊಬ್ಬರು, ಹೆದರಿಸದ ವಾತಾವರಣ, ಅಷ್ಟೇ. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಬೇರೊಂದು ಗುಂಪೂ ಇರಲಿಲ್ಲ. ಆದ್ದರಿಂದ ಔಷಧ ಬೇಡವೆನ್ನಲು ಇದನ್ನು ಸಾಕ್ಷಿಯಾಗಿ ಎಳೆದು ತರಬಾರದು.

ಅದೇ ತಮಿಳುನಾಡಿನ ಏರ್ವಾಡಿಯನ್ನೂ ಮರೆಯುವಂತಿಲ್ಲ. ಅಲ್ಲಿನ ದರ್ಗಾದಲ್ಲಿ ಗುಣವಾಗುತ್ತದೆಂದು ನಂಬಿ ಕರೆತಂದವರನ್ನು ಸುತ್ತಲಿನ ಖಾಸಗಿ ಆಶ್ರಯತಾಣಗಳಲ್ಲಿ ಸರಪಳಿಯಲ್ಲಿ ಇಡುತ್ತಿದ್ದರು. 2001ರ ಆಗಸ್ಟ್ 6ರಂದು ಅಂಥ ಒಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಬಂಧನದಲ್ಲಿದ್ದವರು ಓಡಲಾಗದೆ, 28 ಜನ ಪ್ರಾಣ ಬಿಟ್ಟರು. ಅವರನ್ನು ಕರೆತಂದ ಮನೆಯವರಲ್ಲಿ ನಂಬಿಕೆಗೆ ಕೊರತೆಯಿರಲಿಲ್ಲ. ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ನೀವು ಶನಿವಾರ ತಪ್ಪಿಸಬೇಡಿ. ಹಾಡಲು ಆಗದಿದ್ದರೆ ಪ್ರಸಾದ ಹಂಚುವ, ಜಮಖಾನೆ ಹಾಸುವ ಕೆಲಸವನ್ನು ಕೇಳಿ ಪಡೆಯಿರಿ. ಬದುಕುವುದೇ ಬೇಡವೆನಿಸುವ ಯೋಚನೆ ಬಂದರೆ ಶನಿವಾರಕ್ಕೆ ಕಾಯದೆ ಆಗಲೇ ಮನೆಯವರಿಗೆ ಹೇಳಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.