ಯಾರಿಗೂ ನೆನಪಿಲ್ಲದ ಹಳೇ ಹಾಸ್ಯಚಿತ್ರವನ್ನು ನಮ್ಮ ತಮಾಷೆ ಪಾಡ್‌ಕಾಸ್ಟ್‌ನಲ್ಲಿ ಕಾಲೆಳೆಯಬೇಕು ಅಂತಿದ್ದೇವೆ. ಹೇಗೆ ಮಾಡಿದರೆ ಚೆನ್ನ?

ಚಿಕ್ಕಬಳ್ಳಾಪುರದಲ್ಲಿ ಇಬ್ಬರು ಗೆಳೆಯರು, ಒಂದು ಮೈಕು, "ಯಾರಿಗೂ ನೆನಪಿಲ್ಲ, ಹಾಗಾಗಿ ಧೈರ್ಯವಾಗಿ ಆಡಿಕೊಳ್ಳಬಹುದು" ಅನ್ನೋ ಲೆಕ್ಕ. ನಿಮ್ಮ ಪತ್ರ ಓದುತ್ತಿದ್ದ ಹಾಗೇ ನನ್ನ ಎದೆ ಧಸಕ್ಕೆಂದಿತು. ನಾಲ್ಕು ವರ್ಷದ ಹಿಂದೆ ತುಮಕೂರಿನಲ್ಲಿ ನಾನೂ ನನ್ನ ಗೆಳೆಯನೂ ಆಡಿದ್ದು ಇದೇ ಮಾತು.

ಎಸ್.ಎಸ್. ಪುರಂನಲ್ಲಿ ಅವನ ಮನೆ ಮಹಡಿ ಮೇಲಿನ ರೂಮು. ರಸ್ತೆ ಸದ್ದು ಅಡಗಲಿ ಅಂತ ರಾತ್ರಿ ಹನ್ನೊಂದಾದ ಮೇಲೆ ಕಿಟಕಿಗೆ ಕಂಬಳಿ ಕಟ್ಟಿ ಕೂರುತ್ತಿದ್ದೆವು. ಆರಿಸಿಕೊಂಡಿದ್ದು ಕಪ್ಪುಬಿಳುಪು ಕಾಲದ ಒಂದು ಹಾಸ್ಯಚಿತ್ರ. ಹೆಸರು ಹೇಳುವುದಿಲ್ಲ. ಅದರಲ್ಲಿ ನಟಿಸಿದ್ದ ಒಬ್ಬರು ಗುಬ್ಬಿಯಲ್ಲೇ ಇದ್ದರು, ಅವರ ಮನೆಯವರು ಈಗಲೂ ಇದ್ದಾರೆ.

ಗೆಳೆಯನ ತಾಯಿಯ ತವರು ಗುಬ್ಬಿ. ಆ ತಾತ ಇರುವ ವಿಷಯ ಗೊತ್ತಾಗಿದ್ದೂ ಅವರಿಂದಲೇ. ಫೋನ್ ಮಾಡಿದಾಗ ತಾತ "ಬನ್ರಪ್ಪ, ಬಾಯ್ತುಂಬ ಮಾತಾಡೋಣ" ಅಂದಿದ್ದರು. ಮೊದಲ ಸಂಚಿಕೆಯಲ್ಲಿ ಚಿತ್ರವನ್ನು ಗೇಲಿ ಮಾಡೋದು, ಎರಡನೆಯದಕ್ಕೆ ಗುಬ್ಬಿಗೆ ಹೋಗಿ ಅವರನ್ನು ಮಾತಾಡಿಸೋದು ಅಂತ ನಮ್ಮ ಯೋಜನೆ.

ಚಿತ್ರದಲ್ಲಿ ಒಂದು ದೃಶ್ಯ ಇದೆ. ಸಾಲ ವಸೂಲಿಗೆ ಸಾಹುಕಾರ ಬರುತ್ತಾನೆ, ಹಿಂದೆ ಛತ್ರಿ ಹಿಡಿದುಕೊಂಡು ಅವನ ಗುಮಾಸ್ತೆ. ಮನೆಯ ಆಳು ಮೂಲೆಯಲ್ಲಿರುವ ಖಾಲಿ ವಾಡೆಯೊಳಗೆ ಅಡಗಿ ಕೂತಿರುತ್ತಾನೆ, ರಾಗಿ ತುಂಬಿಡುವ ಮಣ್ಣಿನ ವಾಡೆ. ಸಾಹುಕಾರ ಕೂಗುತ್ತಾನೆ: "ಮನೇಲಿ ಯಾರೂ ಇಲ್ವೇನ್ರೋ?" ಆಮೇಲೆ ಮೌನ. ಆ ಮೌನದಲ್ಲಿ ಗುಮಾಸ್ತೆ ಮೆಲ್ಲಗೆ ಕತ್ತು ತಿರುಗಿಸಿ ವಾಡೆ ಕಡೆ ನೋಡುತ್ತಾನೆ. ಆಗ ವಾಡೆಯೊಳಗಿಂದ ಗುಂಯ್ ಅಂತ ದನಿ ಬರುತ್ತದೆ: "ಇಲ್ಲಾ..."

ಆ ಗುಮಾಸ್ತೆಯೇ ಗುಬ್ಬಿಯ ತಾತ. ಇಡೀ ಚಿತ್ರದಲ್ಲಿ ಅವರಿಗೆ ಒಂದೂ ಮಾತಿಲ್ಲ.

ಈಗ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ನೀವೂ ಇದೇ ಸಾಫ್ಟ್‌ವೇರ್ ಬಳಸುತ್ತೀರಿ ಅಂತ ಬರೆದಿದ್ದೀರಿ. ಆಡಿಯೋ ಕತ್ತರಿಸಿ ಜೋಡಿಸುವ ಆಡಾಸಿಟಿಯಲ್ಲಿ 'ಟ್ರಂಕೇಟ್ ಸೈಲೆನ್ಸ್' ಅಂತ ಒಂದು ಆಯ್ಕೆ ಇದೆ. ಮಾತಿನ ನಡುವಿನ ಖಾಲಿ ಜಾಗ ಕತ್ತರಿಸುತ್ತದೆ. ನಾವು ಮಾತಾಡುವಾಗ ತಡವರಿಸಿದ್ದನ್ನೆಲ್ಲ ತೆಗೆಯಲು ಅದನ್ನೇ ಬಳಸುತ್ತಿದ್ದೆ: ಅರ್ಧ ಸೆಕೆಂಡಿಗಿಂತ ಉದ್ದ ಇರುವ ಮೌನವನ್ನೆಲ್ಲ ಅರ್ಧ ಸೆಕೆಂಡಿಗೆ ಇಳಿಸು ಅಂತ. ಮೌನ ಯಾವುದು ಅಂತ ಅದು ಸದ್ದಿನ ಮಟ್ಟ ನೋಡಿ ತೀರ್ಮಾನಿಸುತ್ತದೆ, ನಾನು ಇಟ್ಟಿದ್ದ ಮಿತಿ ಮೈನಸ್ 20 ಡೆಸಿಬಲ್. ಹಳೇ ಚಿತ್ರದ ಸದ್ದು ಮೊದಲೇ ಕ್ಷೀಣ. ಹಾಗಾಗಿ ಅದರಲ್ಲಿದ್ದ ಹೆಜ್ಜೆ ಸಪ್ಪಳ, ಬಾಗಿಲ ಕಿರ್ರು, ಉಸಿರು, ಎಲ್ಲವೂ ಅದರ ಲೆಕ್ಕದಲ್ಲಿ ಮೌನವೇ. ರೆಕಾರ್ಡಿಂಗ್ ಹಿಂದಿನ ರಾತ್ರಿ ಚಿತ್ರದಿಂದ ಎಂಟು ತುಣುಕು ತೆಗೆದುಕೊಂಡು, ಉದ್ದ ಕಡಿಮೆಯಾಗಲಿ ಅಂತ ಎಲ್ಲಕ್ಕೂ ಒಟ್ಟಿಗೆ ಅದನ್ನು ಓಡಿಸಿ, ಮೂಲದ ಮೇಲೇ ಸೇವ್ ಮಾಡಿಬಿಟ್ಟೆ.

ವಾಡೆಯ ದೃಶ್ಯದಲ್ಲಿ ನಾಲ್ಕು ಸೆಕೆಂಡ್ ಮೌನ ಇತ್ತು. ಅರ್ಧ ಸೆಕೆಂಡ್ ಆಯಿತು. "ಯಾರೂ ಇಲ್ವೇನ್ರೋ?" "ಇಲ್ಲಾ." ಅಷ್ಟೇ.

ಮರುದಿನ ರಾತ್ರಿ ಹೆಡ್‌ಫೋನಿನಲ್ಲಿ ಆ ತುಣುಕುಗಳನ್ನೇ ಹಾಕಿಕೊಂಡು ಮಾತಾಡಿದೆವು. "ಗಿಳಿಪಾಠ ಒಪ್ಪಿಸಿದ ಹಾಗೆ ಬಡಬಡಿಸ್ತಾರಲ್ಲ ಗುರು, ಇದಕ್ಕೆ ಆ ಕಾಲದಲ್ಲಿ ನಗ್ತಿದ್ರಾ?" ಅಂದೆ. ಅವನು ಬಿದ್ದು ಬಿದ್ದು ನಕ್ಕ. ವಾರದ ಹಿಂದೆ ಪೂರ್ತಿ ಚಿತ್ರ ನೋಡುವಾಗ ಇದೇ ದೃಶ್ಯಕ್ಕೆ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ಇಬ್ಬರಿಗೂ ನೆನಪಾಗಲಿಲ್ಲ. ನಾನೇ ಕತ್ತರಿಸಿದ್ದನ್ನು ಇಟ್ಟುಕೊಂಡು ನಾನೇ ಅವರನ್ನು ಅಣಕಿಸಿದೆ.

ಸಂಚಿಕೆಯನ್ನು ತಾತನ ಮೊಮ್ಮಗಳು ಅವರಿಗೆ ಕೇಳಿಸಿದ್ದಾಳೆ. ಭಾನುವಾರ ನಾವು ಗುಬ್ಬಿಗೆ ಹೋದಾಗ ಕಾಫಿ ಕೊಟ್ಟರು, ಚೆನ್ನಾಗಿಯೇ ಮಾತಾಡಿಸಿದರು. ಮೈಕು ತೆಗೆದಾಗ ಮಾತ್ರ ಕೈ ಅಡ್ಡ ಇಟ್ಟರು.

"ಬೇಡ ಕಣಪ್ಪ. ನಾನು ಮಾಡಿದ್ದು ಆ ಕತ್ತು ತಿರುಗ್ಸೋದೊಂದೇ. ನಿಮ್ದು ಬರೀ ಕೇಳೋದು, ಮುಖ ಕಾಣಲ್ಲ, ಸರಿ. ಆದ್ರೆ ಆ ಹೊತ್ತಾದ್ರೂ ಇತ್ತಲ್ಲ, ಅದನ್ನೂ ತೆಗೆದ್‌ಬಿಟ್ರಿ."

ನನಗೆ ಉತ್ತರ ಬರಲಿಲ್ಲ. ಅವರು ನಾಟಕ ಕಂಪನಿಯಲ್ಲಿ ಬೆಳೆದವರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರಲ್ಲಿ ಕೂತು ನಾನು ಆ ಮಾತು ಕೇಳಿಸಿಕೊಂಡೆ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಎಲ್ಲ ಆ ಕಂಪನಿಯಲ್ಲಿ ಪಳಗಿ ಬಂದವರು. ನಮ್ಮ ಜಿಲ್ಲೆಯ ತಿಪಟೂರಿನ ನರಸಿಂಹರಾಜು 1954ರ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ಬಂದಾಗ ರಂಗದ ಆ ಲಯವನ್ನೂ ಜೊತೆಗೇ ತಂದರು. ಮಾತು ಬಿಟ್ಟು, ಎದುರಿಗಿರುವ ಜನ ನಕ್ಕು ಮುಗಿಸುವ ತನಕ ತಡೆದು, ಆಮೇಲೆ ಮುಂದಿನ ಮಾತು. ಬಾಲಣ್ಣನಿಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡೇ ಮಾತಿಗೆ ಮಾತು ಕೊಡುತ್ತಿದ್ದರು. ಅಂಥವರ ಹಾಸ್ಯದಲ್ಲಿ ಖಾಲಿ ಜಾಗ ಅಂತ ಒಂದೂ ಇರುವುದಿಲ್ಲ. ಟೆಂಟ್ ತುಂಬ ಜನ ನಗಲು ಬಿಟ್ಟ ಜಾಗ ಅದು. ನಾವು ರೂಮಿನಲ್ಲಿ ಇಬ್ಬರೇ ಕೂತು ನೋಡಿದರೆ ಜಾಸ್ತಿಯಾಯಿತು ಅನ್ನಿಸುತ್ತದೆ.

ಸಂಚಿಕೆ ಅವತ್ತೇ ತೆಗೆದೆವು. ಚಿತ್ರವನ್ನು ಮತ್ತೆ ಹುಡುಕಿ, ದೃಶ್ಯವನ್ನು ಇದ್ದ ಹಾಗೇ ಇಟ್ಟು, ಹೊಸದಾಗಿ ಮಾತಾಡಿ ಮಾಡಿದೆವು. ತಾತನಿಗೂ ಕಳಿಸಿದೆವು. ಕೇಳಿದರೋ ಇಲ್ಲವೋ ಗೊತ್ತಾಗಲಿಲ್ಲ. ಅದಾಗಿ ಎಂಟು ತಿಂಗಳಿಗೆ ತೀರಿಕೊಂಡರು. ಕಂಪನಿ ಕಥೆ, ಆ ಚಿತ್ರ ತೆಗೆದ ಕಥೆ, ಎಲ್ಲ ಅವರ ಜೊತೆಗೇ ಹೋಯಿತು. ಆಡಿಯೋ ಒಂದು ನಿಮಿಷದ್ದೂ ನಮ್ಮ ಹತ್ತಿರ ಇಲ್ಲ.

ಹಾಗಾಗಿ "ಯಾರಿಗೂ ನೆನಪಿಲ್ಲದ ಚಿತ್ರ" ಅನ್ನೋ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಗೊತ್ತಿಲ್ಲದ ಚಿತ್ರ, ಅಷ್ಟೇ. ಕಾಲೆಳೆಯೋದೂ ಬೇಡ ಅಂತಲೇ ನನ್ನ ಅಭಿಪ್ರಾಯ. ಯಾಕೆ ನಗು ಬರುತ್ತದೆ ಅಂತ ಹುಡುಕಿಕೊಂಡು ಹೋಗಿ. ಕೇಳುವವರು ಅದಕ್ಕೇ ಹೆಚ್ಚು ನಗುತ್ತಾರೆ. ನಮ್ಮ ಎರಡನೇ ಆವೃತ್ತಿಗೆ ಬಂದ ಪ್ರತಿಕ್ರಿಯೆ ನೋಡಿಯೇ ಹೇಳುತ್ತಿದ್ದೇನೆ. ಚಿತ್ರವನ್ನು ಒಂದೂವರೆ ಪಟ್ಟು ವೇಗದಲ್ಲಂತೂ ನೋಡಲೇಬೇಡಿ. ನಿಮ್ಮ ಮಾತಿನ ಟ್ರ್ಯಾಕ್ ಮೊದಲು ಬೇರೆಯಾಗಿ ಶುಚಿ ಮಾಡಿ, ಚಿತ್ರದ ತುಣುಕನ್ನು ಕಡೆಯಲ್ಲಿ, ಮುಟ್ಟದೆ ಸೇರಿಸಿ.

ಹಕ್ಕುಸ್ವಾಮ್ಯದ ಬಗ್ಗೆ ಕೇಳಿದ್ದೀರಿ. ನಮ್ಮ ಕಾನೂನಿನಲ್ಲಿ ಚಿತ್ರಕ್ಕೆ ಹಕ್ಕು ಇರುವುದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ವಿಮರ್ಶೆಗೆ ಅಂತ ಚಿಕ್ಕ ತುಣುಕು ಬಳಸಲು 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಹಾಡಿಗೆ ಮಾತ್ರ ಕೈ ಹಾಕಬೇಡಿ.

ಚಿತ್ರದ ಹೆಸರು ನೀವು ಬರೆದಿಲ್ಲ. ಪಾತ್ರವರ್ಗದ ಪಟ್ಟಿ ಕಳಿಸಿ, ಸಣ್ಣ ಪಾತ್ರದವರದ್ದೂ ಸೇರಿಸಿ. ಗುಬ್ಬಿ, ತಿಪಟೂರು ಕಡೆಯವರು ಯಾರಾದರೂ ಇದ್ದರೆ ನಾನು ಹೋಗಿ ವಿಚಾರಿಸಿಕೊಂಡು ಬರುತ್ತೇನೆ.