ಕನ್ನಡಕದ ಡಬ್ಬಿಯಲ್ಲಿದ್ದ ಮಾತ್ರೆ

"ಅಪ್ಪಂಗೆ ಆಪರೇಷನ್ ಅಂದ್ರೆ ಭಯ ಮೇಡಂ. ಮೂರು ಸಲ ಡೇಟ್ ತಗೊಂಡ್ವಿ, ಮೂರು ಸಲಾನೂ ಕ್ಯಾನ್ಸಲ್ ಮಾಡಿಸಿದ್ರು. ನೀವೊಂಚೂರು ಧೈರ್ಯ ಹೇಳಿ."

ಕಣ್ಣಿನ ಪೊರೆ ತೆಗೆಸುವ ವಿಷಯಕ್ಕೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುವ ಮಕ್ಕಳು ಹೆಚ್ಚುಕಮ್ಮಿ ಹೀಗೇ ಶುರು ಮಾಡುತ್ತಾರೆ. ಈ ಯಜಮಾನರಿಗೆ 70 ದಾಟಿದೆ. ಹೆಂಡತಿ ತೀರಿಕೊಂಡಿದ್ದಾರೆ, ಬೆಂಗಳೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಬಸ್ಸಿನ ನಂಬರ್ ಕಾಣದೆ ಮೆಜೆಸ್ಟಿಕ್ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಉಳಿದ ವಿವರ ಬೇಡ. ಅವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ನಾನೂ ಮಗನ ಮಾತು ನಂಬಿದೆ. ಈ ವಯಸ್ಸಿನವರು ಊರೂರು ತಿರುಗಿ ಪೊರೆ ತೆಗೆಯುತ್ತಿದ್ದ ಡಾ. ಎಂ.ಸಿ. ಮೋದಿಯವರ ಕಣ್ಣಿನ ಕ್ಯಾಂಪುಗಳ ಕಾಲ ನೋಡಿದವರು. ಆಗ ಪೊರೆ ತೆಗೆದ ಮೇಲೆ ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು, ಆಮೇಲೆ ಜೀವನಪೂರ್ತಿ ಸೋಡಾಬುಡ್ಡಿ ಕನ್ನಡಕ. ಅದೇ ನೆನಪು ಕಾಡುತ್ತಿರಬೇಕು ಅಂದುಕೊಂಡು ಅರ್ಧ ಗಂಟೆ ವಿವರಿಸಿದೆ. ಈಗ 2-3 ಮಿಲಿಮೀಟರ್ ಸೀಳು ಸಾಕು, ಮಂಜಾದ ಮಸೂರ ತೆಗೆದು ಅದೇ ಜಾಗದಲ್ಲಿ ಹೊಸದನ್ನು ಕೂರಿಸುತ್ತಾರೆ, 15-20 ನಿಮಿಷದ ಕೆಲಸ, ಸಂಜೆಗೆ ಮನೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಅದೆಲ್ಲ ಯೂಟ್ಯೂಬಲ್ಲಿ ಕೇಳಿದೀನಿ ಮೇಡಂ" ಅಂದರು. ಪ್ರತಿಯೊಂದಕ್ಕೂ ಅವರಿಗಿಂತ ಮುಂಚೆ ಮಗನೇ ಉತ್ತರ ಕೊಡುತ್ತಿದ್ದರು ಅನ್ನೋದು ನನಗೆ ಹೊಳೆದದ್ದು ಅವರು ಹೊರಟುಹೋದ ಮೇಲೆ.

ಎರಡನೇ ಸಲ ಮಗನನ್ನು ಕೆಳಗಿನ ದರ್ಶಿನಿಗೆ ಕಳಿಸಿದೆ. ನಿಧಾನಕ್ಕೆ ಕಾಫಿ ಕುಡಿದು ಬನ್ನಿ ಅಂತ. ಬಾಗಿಲು ಹಾಕಿಕೊಂಡು ಕೇಳಿದೆ, "ಸಾರ್, ಆಪರೇಷನ್ ಬೇಕಾ ಬೇಡ್ವಾ?"

"ಬೇಕು."

"ಮತ್ತೆ?"

"ನೀವು ಹೆಂಗಸರು. ನಿಮ್ಮ ಹತ್ರ ಹೇಳೋ ವಿಷಯ ಅಲ್ಲ."

ಹಾಗಾದ್ರೆ ಬರೆದುಕೊಡಿ ಅಂದೆ. ಕಣ್ಣು ಕಾಣದವರಿಗೆ ಬರೆಯಿರಿ ಅಂದ ನನ್ನ ಬುದ್ಧಿಗೆ ಏನು ಹೇಳೋದು. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ತೆಗೆದರೆ ಕನ್ನಡಕ ಇಲ್ಲ. ಅರ್ಧ ಖಾಲಿಯಾದ ಒಂದು ಮಾತ್ರೆಯ ಸ್ಟ್ರಿಪ್, ಅದಕ್ಕೆ ಎರಡು ಸುತ್ತು ರಬ್ಬರ್ ಬ್ಯಾಂಡ್. ಕತ್ತಲಲ್ಲಿ ಮುಟ್ಟಿದರೆ ಗೊತ್ತಾಗಲಿ ಅಂತ ರಬ್ಬರ್ ಬ್ಯಾಂಡು.

ಟ್ಯಾಮ್ಸುಲೋಸಿನ್. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ತೊಂದರೆಯಾದ ಗಂಡಸರಿಗೆ ಕೊಡುವ ಮಾತ್ರೆ. ಎರಡು ವರ್ಷದಿಂದ ತಗೊಳ್ಳುತ್ತಿದ್ದರು, ಮನೆ ಪಕ್ಕದ ಮೆಡಿಕಲ್ ಬಿಟ್ಟು ಎರಡು ಕ್ರಾಸ್ ಆಚೆ ಹೋಗಿ ಕೊಂಡು. ಆಸ್ಪತ್ರೆಯಲ್ಲಿ ನರ್ಸ್ ಹುಡುಗಿ ಜನ ತುಂಬಿದ ಹಾಲ್‌ನಲ್ಲಿ ಜೋರಾಗಿ ಕೇಳಿದ್ದಳಂತೆ: "ತಾತಾ, ಯೂರಿನ್‌ಗೆ ಏನಾದ್ರೂ ಮಾತ್ರೆ ತಗೋತೀರಾ?" ಇವರು ಇಲ್ಲ ಅಂದರು. ಪಾರ್ಕಿನ ಗೆಳೆಯರೊಬ್ಬರು, ಒಂದು ವಾರ ಮುಂಚೆ ನಿಲ್ಲಿಸಿಬಿಡಿ, ಹೇಳೋದೇ ಬೇಡ ಅಂದಿದ್ದರು. ಹಾಗೇ ಮಾಡಿದರು. ರಾತ್ರಿಯಿಡೀ ಬಾತ್‌ರೂಮಿಗೆ ಓಡಾಟ, ಹೋದರೆ ಸರಿಯಾಗಿ ಬರುವುದಿಲ್ಲ. ಈ ಸ್ಥಿತಿಯಲ್ಲಿ ಟೇಬಲ್ ಮೇಲೆ ಅಲುಗಾಡದೆ ಮಲಗೋದು ಹೇಗೆ ಅಂತ ಡೇಟ್ ಮುಂದಕ್ಕೆ ಹಾಕಿಸಿದರು. ಮೂರು ಸಲವೂ ಇದೇ ಕಥೆ.

"ಸೊಸೆ ಹತ್ರ ಹೇಳಬಹುದಿತ್ತಲ್ವಾ? ಒಳ್ಳೆ ಹುಡುಗಿ ಅಂತೀರಿ."

"ಒಳ್ಳೆಯವಳೇ. ಸಕ್ಕರೆ ಮಾತ್ರೆ, ಬೀಪಿ ಮಾತ್ರೆ ಎಲ್ಲ ಫ್ರಿಜ್ ಮೇಲೆ ಚಾರ್ಟ್ ಹಾಕಿ ಅಂಟಿಸಿದಾಳೆ. ಆದ್ರೆ ಮೇಡಂ, ಅವಳು ನಂಗೆ ಊಟ ಬಡಿಸೋಳು."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆ ಬಿಡಿ, ಇದರಲ್ಲೇನಿದೆ ಅನ್ನುವುದು ಸುಲಭ. 70 ವರ್ಷದ ನಾಚಿಕೆ ನನ್ನ ಒಂದು ಗಂಟೆಯ ಮಾತಿಗೆ ಹೋಗುತ್ತದಾ? ಹಾಗಾಗಿ ಸೊಸೆಗೆ ಹೇಳಿ ಅಂತ ನಾನು ಹೇಳಲೇ ಇಲ್ಲ. ಡಾಕ್ಟರಿಗೆ ಹೇಳಲೇಬೇಕು ಅಂದೆ. ಈ ಮಾತ್ರೆ ಪ್ರಾಸ್ಟೇಟಿನ ಸ್ನಾಯು ಸಡಿಲಿಸುವ ಹಾಗೇ ಪಾಪೆಯ ಸುತ್ತಲಿನ ಬಣ್ಣದ ಪರದೆಯನ್ನೂ ಸಡಿಲ ಮಾಡುತ್ತದೆ. ಪಾಪೆ ಸರಿಯಾಗಿ ಅಗಲವಾಗದೆ ಇರಬಹುದು, ಕೆಲಸದ ಮಧ್ಯೆ ಪರದೆ ಪಟಪಟ ಅಲುಗಬಹುದು. ಅಮೆರಿಕದ ಇಬ್ಬರು ಕಣ್ಣಿನ ವೈದ್ಯರು ಇದನ್ನು 2005ರಲ್ಲಿ ಬರೆದು ಪ್ರಕಟಿಸಿದ ಮೇಲೆ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಈ ಪ್ರಶ್ನೆ ಕೇಳುತ್ತಾರೆ. ಮೊದಲೇ ಗೊತ್ತಿದ್ದರೆ ಸರ್ಜನ್ ಅದಕ್ಕೆ ಬೇಕಾದ ಔಷಧಿ, ಸಣ್ಣ ಕೊಕ್ಕೆ ಎಲ್ಲ ಸಿದ್ಧ ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ತೊಂದರೆ. ಒಂದು ವಾರ ನಿಲ್ಲಿಸಿದ ಮಾತ್ರಕ್ಕೆ ಪರಿಣಾಮ ಹೋಗುವುದಿಲ್ಲ. ಯಾವಾಗಲೋ ತಗೊಂಡು ಬಿಟ್ಟವರೂ ಹೇಳಬೇಕು. (ರಕ್ತ ತೆಳುವಾಗಿಸುವ ಮಾತ್ರೆಯೂ ಅಷ್ಟೇ. ಪಾರ್ಕಿನ ಸಲಹೆ ಕೇಳಿ ನಿಲ್ಲಿಸಬೇಡಿ ದಯವಿಟ್ಟು.)

ದಪ್ಪ ಮಾರ್ಕರ್ ತಗೊಂಡು ಒಂದು ಚೀಟಿಯಲ್ಲಿ ಮಾತ್ರೆಯ ಹೆಸರು, ಎಷ್ಟು ವರ್ಷದಿಂದ, ಮೂರು ಸಲ ನಿಲ್ಲಿಸಿದ್ದು ಎಲ್ಲ ಬರೆದೆ. ಓದಿ ಹೇಳಿದೆ. ಮತ್ತೆ ಹೇಗೆ ಶುರು ಮಾಡಬೇಕು ಅಂತ, ಆ ಮಾತ್ರೆ ಬರೆದುಕೊಟ್ಟ ಡಾಕ್ಟರನ್ನೇ ಇವತ್ತೇ ಕೇಳಿ ಅಂದೆ. ಚೀಟಿಯನ್ನು ಅವರೇ ಸರ್ಜನ್ ಕೈಗೆ ಕೊಡಬೇಕು, ಒಳಗೆ ಒಬ್ಬರೇ ಹೋಗಬೇಕು. ಆಪರೇಷನ್‌ಗೆ ಎರಡು ದಿನ ಮುಂಚೆ ಕೊಟ್ಟಿರದಿದ್ದರೆ ನಾನೇ ಆಸ್ಪತ್ರೆಗೆ ಹೇಳುತ್ತೇನೆ, ಮಗನಿಗೆ ಅಲ್ಲ, ಡಾಕ್ಟರಿಗೆ. ಇದಕ್ಕೆ ಅವರು ಒಪ್ಪಿದರು.

ಮಗ ಕಾಫಿ ಮುಗಿಸಿ ಬಂದು, "ಏನಂದ್ರು?" ಅಂದರು. ಹೇಳುವ ಹಾಗಿಲ್ಲ ಅಂದೆ. ಮುಖ ಕೆಂಪಾಯಿತು. ಫೀಸು ಕೊಟ್ಟವನು ನಾನು ಅಂತಲೂ ಅಂದರು. ಡಾಕ್ಟರ ರೂಮಿನಲ್ಲಿ ಹತ್ತು ನಿಮಿಷ ಅಪ್ಪನನ್ನು ಒಬ್ಬರೇ ಬಿಡಿ, ಮಿಕ್ಕಿದ್ದೆಲ್ಲ ನೀವೇ ನೋಡಿಕೊಳ್ಳಿ ಅಂತಷ್ಟೇ ಕೇಳಿಕೊಂಡೆ. ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು, ಜೀವಕ್ಕೆ ಕಣ್ಣಿಗೆ ಸಂಬಂಧಪಟ್ಟದ್ದನ್ನು ಮನೆಯವರಿಂದ ಮುಚ್ಚಿಡೋದು ತಪ್ಪು ಅಂದರು. ಆ ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ನಾನು ಮಗನಿಗೆ ಹೇಳಿದ್ದರೆ ಆ ಡಬ್ಬಿ ಯಾರ ಮುಂದೆಯೂ ಮತ್ತೆ ತೆರೆಯುತ್ತಿರಲಿಲ್ಲ. ಮಕ್ಕಳು ಫೈಲು ಹಿಡಿಯಲಿ, ಆಟೋ ಹಿಡಿಯಲಿ, ದುಡ್ಡು ಕಟ್ಟಲಿ. ಪ್ರಶ್ನೆಗೆ ಉತ್ತರ ಮಾತ್ರ ಅಪ್ಪ ಅಮ್ಮನೇ ಕೊಡಲಿ.

ನಾಲ್ಕನೇ ಡೇಟಿಗೆ ಆಪರೇಷನ್ ಆಯಿತು. ಚೀಟಿ ಓದಿದ ಸರ್ಜನ್ ಒಂದೂ ಮಾತಾಡದೆ ಕೇಸ್ ಶೀಟಿಗೆ ಪಿನ್ ಮಾಡಿಕೊಂಡರಂತೆ. ಒಂದು ತಿಂಗಳಿಗೂ ಹೆಚ್ಚು ಕಾಲ ಕಣ್ಣಿಗೆ ಡ್ರಾಪ್ಸ್ ಹಾಕಿದ್ದು ಸೊಸೆಯೇ. ಆಮೇಲೆ ಒಂದು ದಿನ ಫೋನ್ ಬಂತು.

"ಓದೋಕೆ ಹೊಸ ಕನ್ನಡಕ ಕೊಟ್ಟಿದಾರೆ ಮೇಡಂ. ಡಬ್ಬಿಗೆ ಅದು ಬಂದುಬಿಡ್ತು. ಈಗ ಮಾತ್ರೆ ಎಲ್ಲಿಡಲಿ?"