ಓದುಗರ ಪ್ರಶ್ನೆ: ಅರೋರಾ ಆರಿದ ಮೇಲೆ ಗಾಳಿಯಲ್ಲಿ ಉಳಿಯೋದೇನು?

ಪ್ರಶ್ನೆ: ಮೊನ್ನೆ ವಾಟ್ಸಾಪ್‌ನಲ್ಲಿ ನಮ್ಮ ದುರ್ಗದ ಕೋಟೆ ಮೇಲೆ ಹಸಿರು ಬೆಳಕು ಹರಡಿದ ಫೋಟೊ ಬಂತು. ಅರೋರಾ ಅಂತ ಬರೆದಿದ್ದರು. ನಿಜಾನಾ ಸಾರ್? ಇನ್ನೊಂದು ವಿಷಯ. ಗುಡುಗು ಮಿಂಚಿನ ಮಳೆ ಬಿದ್ದರೆ ಬೆಳೆಗೆ ಸಾರಜನಕ ಸಿಗುತ್ತೆ ಅಂತಾರೆ. ಅರೋರಾದಿಂದಲೂ ಗಾಳಿಯಲ್ಲಿ ಅಂಥದ್ದೇನಾದರೂ ಆಗುತ್ತಾ? ಓಜೋನ್‌ಗೆ ಪೆಟ್ಟು ಬೀಳುತ್ತಾ?
– ಮೆಕ್ಕೆಜೋಳ ಬೆಳೆಯುವ ರೈತ, ಜಗಳೂರು

ಉತ್ತರ: ಫೋಟೊ ಸುಳ್ಳು. ಯಾರೋ ಕೂತು ಕಂಪ್ಯೂಟರ್‌ನಲ್ಲಿ ಕೂಡಿಸಿದ್ದಾರೆ, ಅದೂ ಬಣ್ಣ ಗೊತ್ತಿಲ್ಲದೆ! ಸೂರ್ಯನಿಂದ ಬರುವ ಬಿರುಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದಾಗ ಎಲೆಕ್ಟ್ರಾನ್‌ಗಳು ಧ್ರುವಗಳ ಕಡೆ ನುಗ್ಗಿ ಗಾಳಿಗೆ ಬಡಿಯುತ್ತವೆ. ಆಗ ಆಕಾಶದಲ್ಲಿ ಹೊಳೆಯುವ ಬೆಳಕೇ ಅರೋರಾ. ಸುಮಾರು 100 ಕಿ.ಮೀ. ಎತ್ತರದಲ್ಲಿ ಆಮ್ಲಜನಕ ಹಸಿರು ಬೆಳಕು ಕೊಡುತ್ತದೆ, 200 ಕಿ.ಮೀ.ಗಿಂತ ಮೇಲೆ ಕೆಂಪು. ಪೆಟ್ಟು ತಿಂದ ಆಮ್ಲಜನಕದ ಪರಮಾಣು ಕೆಂಪು ಬೆಳಕು ಬಿಡೋಕೆ ಹತ್ತಿರಹತ್ತಿರ ಎರಡು ನಿಮಿಷ ತಗೊಳ್ಳುತ್ತದೆ. ಕೆಳಗಿನ ಗಾಳಿ ದಟ್ಟ. ಅಷ್ಟರೊಳಗೆ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಆ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ, ಹಾಗಾಗಿ ಕೆಂಪು ಮೇಲ್ಗಡೆ ಮಾತ್ರ. ದೂರದಿಂದ ನೋಡುವವರಿಗೆ ಕೆಳಗಿನ ಹಸಿರು ದಿಗಂತದ ಹಿಂದೆ ಮುಚ್ಚಿಹೋಗಿ ಕೆಂಪು ತಲೆಯಷ್ಟೇ ಕಾಣುತ್ತದೆ. 2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಕಂಡಿದ್ದೂ ಕೆಂಪೇ. 1872ರ ಫೆಬ್ರವರಿಯಲ್ಲಿ ಬಾಂಬೆಯಲ್ಲೂ ಕಂಡಿತ್ತೆಂಬ ದಾಖಲೆ ಇದೆ, ಆದರೆ ಅಂಥ ಬಿರುಗಾಳಿ ತೀರಾ ಅಪರೂಪ.

ಈಗ ಸಾರಜನಕಕ್ಕೆ ಬರೋಣ. ನಿಮ್ಮ ಊಹೆ ಸರಿಯಾಗಿಯೇ ಇದೆ. ಗಾಳಿಯಲ್ಲಿರುವ ಸಾರಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಗೊಬ್ಬರದ ಕಾರ್ಖಾನೆಯವರು ಅದನ್ನು ಬಿಡಿಸೋಕೆ ಎಷ್ಟು ಶಾಖ, ಎಷ್ಟು ಒತ್ತಡ ಹಾಕಬೇಕು! ಮಿಂಚು ಆ ಕೆಲಸವನ್ನು ಬಿಸಿಯಿಂದ ಮಾಡುತ್ತದೆ, ಅರೋರಾದ ಎಲೆಕ್ಟ್ರಾನ್‌ಗಳು ಗುದ್ದಿ ಮಾಡುತ್ತವೆ. ಬಿಡಿಯಾದ ಸಾರಜನಕ ಆಮ್ಲಜನಕದ ಜೊತೆ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಮಿಂಚಿನದು ಮಳೆಮೋಡದಲ್ಲೇ ಹುಟ್ಟುವುದರಿಂದ ಮುಂದೆ ನೈಟ್ರೇಟ್ ಆಗಿ ಹೊಲಕ್ಕೆ ಇಳಿಯುತ್ತದೆ. ಅರೋರಾದ್ದು ಹುಟ್ಟುವುದು ನೂರು ಕಿ.ಮೀ. ಮೇಲೆ. ಅಲ್ಲೆಲ್ಲಿ ಮಳೆ? ಯೂರಿಯಾ ಚೀಲ ನೀವು ಕೊಳ್ಳಲೇಬೇಕು.

ಈ ನೈಟ್ರಿಕ್ ಆಕ್ಸೈಡ್ ಬಿಸಿಲಿಗೆ ಬಿದ್ದರೆ ಒಡೆದುಹೋಗುತ್ತದೆ. ಆದರೆ ಧ್ರುವದಲ್ಲಿ ಚಳಿಗಾಲ ಅಂದರೆ ತಿಂಗಳುಗಟ್ಟಲೆ ರಾತ್ರಿ, ಒಡೆಯೋಕೆ ಬಿಸಿಲೇ ಇಲ್ಲ, ಮೇಲಿನ ಗಾಳಿಯೂ ಆಗ ನಿಧಾನಕ್ಕೆ ಕೆಳಗಿಳಿಯುತ್ತಾ ಇರುತ್ತದೆ, ಅದರ ಜೊತೆ ಇದೂ ವಾರಗಟ್ಟಲೆ ಇಳಿದು 40–50 ಕಿ.ಮೀ. ಎತ್ತರದ ಓಜೋನ್ (ಮೂರು ಆಮ್ಲಜನಕದ ಪರಮಾಣುಗಳು ಸೇರಿದ ಅನಿಲ) ಹತ್ತಿರ ಬರುತ್ತದೆ. ಅಲ್ಲಿ ನಡೆಯುವುದು ದಾವಣಗೆರೆ ಎಪಿಎಂಸಿಯ ಹಮಾಲಿ ಕೆಲಸ. ಹಮಾಲಿ ಒಂದು ಲಾರಿಯಿಂದ ಚೀಲ ಇಳಿಸಿ ಗೋಡೌನಿಗೆ ಹಾಕಿ ಬರಿಗೈಲಿ ಮತ್ತೆ ಲಾರಿ ಹತ್ತಿರ ಬರ್ತಾನಲ್ವಾ, ಹಾಗೆ ಇದು ಓಜೋನ್‌ನಿಂದ ಒಂದು ಆಮ್ಲಜನಕ ಕಿತ್ತು, ಅದನ್ನು ಬಿಡಿಯಾಗಿ ತಿರುಗುವ ಇನ್ನೊಂದು ಆಮ್ಲಜನಕಕ್ಕೆ ಅಂಟಿಸಿ, ಮತ್ತೆ ಖಾಲಿಯಾಗಿ ಮುಂದಿನ ಓಜೋನ್‌ಗೆ ಹೋಗುತ್ತದೆ. ತಾನು ಸವೆಯುವುದಿಲ್ಲ. 2003ರ ಅಕ್ಟೋಬರ್ ಕೊನೆಯಲ್ಲಿ ದೊಡ್ಡ ಸೌರ ಬಿರುಗಾಳಿಗಳು ಎದ್ದವು. ಮುಂದಿನ ವಸಂತದಲ್ಲಿ ಉತ್ತರ ಧ್ರುವದ ಮೇಲೆ ಸುಮಾರು 40 ಕಿ.ಮೀ. ಎತ್ತರದಲ್ಲಿ ಓಜೋನ್ ಕೆಲವು ಕಡೆ ಶೇ 60ರವರೆಗೂ ಇಳಿದಿತ್ತು. ಆ ಚಳಿಗಾಲದ ಗಾಳಿಯೂ ಅದಕ್ಕೆ ಸಾಥ್ ಕೊಟ್ಟಿತ್ತು ಅನ್ನಿ.

ಹಾಗಂತ ಹೆದರಬೇಡಿ. ಓಜೋನ್‌ನ ಹೆಚ್ಚಿನ ದಾಸ್ತಾನು ಇರುವುದು 20–25 ಕಿ.ಮೀ. ಆಸುಪಾಸಿನಲ್ಲಿ, ಅಲ್ಲಿಗೆ ಈ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ. ಅಂಟಾರ್ಕ್ಟಿಕಾದ ಓಜೋನ್ ತೂತಿಗೆ ಕಾರಣ ಹಳೇ ಫ್ರಿಜ್‌ಗಳ ಸಿಎಫ್‌ಸಿ ಅನಿಲ, ಅಂದರೆ ನಾವೇ. ಅರೋರಾ ಮೇಲೆ ಸುಮ್ನೆ ಗೂಬೆ ಕೂರಿಸುವುದು ಬೇಡ.

ನೈಟ್ರಿಕ್ ಆಕ್ಸೈಡ್‌ಗೆ ಇನ್ನೊಂದು ಕೆಲಸವೂ ಇದೆ, ನನಗೆ ಜಾಸ್ತಿ ಇಷ್ಟವಾಗುವುದು ಅದೇ. ಸೌರ ಬಿರುಗಾಳಿ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಉಬ್ಬುತ್ತದೆ, ಕೆಳಮಟ್ಟದಲ್ಲಿ ಸುತ್ತುವ ಉಪಗ್ರಹಗಳಿಗೆ ಅದು ತಡೆ ಒಡ್ಡುತ್ತದೆ. ಅದೇ ಬಿರುಗಾಳಿ ಹುಟ್ಟಿಸಿದ ನೈಟ್ರಿಕ್ ಆಕ್ಸೈಡ್ ಆ ಶಾಖವನ್ನು ಅತಿಗೆಂಪು ಕಿರಣವಾಗಿ ಬಾಹ್ಯಾಕಾಶಕ್ಕೆ ಬಿಟ್ಟುಬಿಡುತ್ತದೆ. ದೊಡ್ಡ ಬಿರುಗಾಳಿ ಮುಗಿದ ಮೇಲೆ ಒಮ್ಮೊಮ್ಮೆ ಮೇಲಿನ ಗಾಳಿ ಮೊದಲಿಗಿಂತಲೂ ತಣ್ಣಗಾಗಿಬಿಡುತ್ತದೆ.